ಅಣ್ಣನ ಮಿದುಳಿನ ಕ್ಯಾಲ್ಸಿಯಂ

ನಾನು ದೆಹಲಿಗೆ ಬಂದದ್ದು ಕೋಶಗಳು ಹೇಗೆ ಸಾಯುತ್ತವೆ ಎಂದು ಓದುವುದಕ್ಕೆ. ಇಲಿಯ ಮಿದುಳಿನ ನರಕೋಶಗಳನ್ನು ತಟ್ಟೆಯಲ್ಲಿ ಎರಡು ವಾರ ಸಾಕುವುದು, ಅವು ಒಂದಕ್ಕೊಂದು ಕೈ ಚಾಚಿಕೊಂಡ ಮೇಲೆ ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಅತಿಯಾಗಿ ಸುರಿದು ಕೊಲ್ಲುವುದು, ಇದು ನನ್ನ ಕೆಲಸ. ಕೋಶದ ಒಳಗಿರುವುದಕ್ಕಿಂತ ಹೊರಗೆ ಹತ್ತು ಸಾವಿರ ಪಟ್ಟು ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಪೊರೆಯಲ್ಲಿರುವ ಚಾನೆಲ್‌ಗಳು ಅದನ್ನು ಕ್ಷಣಕಾಲ ಮಾತ್ರ ಒಳಗೆ ಬಿಡುತ್ತವೆ. ಗ್ಲುಟಮೇಟ್ ಮಿತಿಮೀರಿದರೆ ಕ್ಯಾಲ್ಸಿಯಂ ಎಡೆಬಿಡದೆ ನುಗ್ಗುತ್ತದೆ. ಕ್ಯಾಲ್ಸಿಯಂ ತಾಗಿದರೆ ಹೊಳೆಯುವ ಬಣ್ಣ ಹಾಕಿದ ಕೋಶಗಳು ಹಸಿರಾಗಿ ಭಗ್ಗನೆ ಹೊತ್ತಿಕೊಂಡು, ಊದಿ, ಒಡೆಯುತ್ತವೆ. ಅದನ್ನು ನೋಡುತ್ತಲೇ ಅಮ್ಮನ ಫೋನಿಗೆ ‘ಹೂಂ, ಊಟ ಆಯ್ತು’ ಎಂದದ್ದೂ ಉಂಟು.

ಮುನಿರ್ಕಾದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ನಾನೂ ಅಣ್ಣನೂ ಇದ್ದೆವು. ಅವನಿಗೆ ಗುರುಗ್ರಾಮದಲ್ಲಿ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಅವನು ಬೈಕ್ ತೆಗೆಯಲು ಇಳಿದಾಗ ಗೇಟಿಗೆ ಅಡ್ಡವಾಗಿ ಪಕ್ಕದ ಮನೆಯವನ ಕಾರು ನಿಂತಿತ್ತು. ಅವನು ಒಳಗೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದ.

“ಭಯ್ಯಾ, ಗಾಡಿ ಥೋಡಾ ಆಗೇ ಕರ್ ಲೋ,” ಎಂದು ಅಣ್ಣ ಕಾರನ್ನು ಸ್ವಲ್ಪ ಮುಂದಕ್ಕೆ ತೆಗೆಯಲು ಕೇಳಿದ.

ಬಾಡಿಗೆಗೆ ಬಂದವನು ತನಗೆ ಹುಕುಂ ಮಾಡುತ್ತಾನೆಯೇ ಎಂದು ಅವನು ಕೆಳಗಿಳಿದು ಅಣ್ಣನ ಕಾಲರ್ ಹಿಡಿದ. ಅಣ್ಣ ಆ ಕೈಯನ್ನು ಕಿತ್ತೊಗೆದ. ಅಷ್ಟೇ. ಕಾರಿನವನು ಡಿಕ್ಕಿ ತೆರೆದು, ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರ್ ತೆಗೆದು, ಅಣ್ಣನ ಕಿವಿಯ ಮೇಲ್ಗಡೆಗೆ ಬೀಸಿದ. ತೆಂಗಿನಕಾಯಿ ಒಡೆದಂಥ ಸದ್ದಲ್ಲ ಅದು, ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಸದ್ದು. ಅಣ್ಣ ಚರಂಡಿಯ ಅಂಚಿಗೆ ಬಿದ್ದ. ಬಿದ್ದವನ ಮೇಲೆ ಇನ್ನೊಂದು ಏಟು.

ಅಣ್ಣ ಮರೆತ ಹೆಲ್ಮೆಟ್ ಕೊಡಲು ನಾನು ಮೆಟ್ಟಿಲಿಳಿಯುತ್ತಿದ್ದೆ. ಅದರಿಂದಲೇ ಕಾರಿನವನ ಮುಖಕ್ಕೆ ಹೊಡೆದೆ. ಸ್ಪ್ಯಾನರ್ ಕೈಯಿಂದ ಜಾರಿತು, ಅವನು ಕಾರಿಗೆ ಒರಗಿದ. ಆಮೇಲೂ ಹೊಡೆದೆ. ಒಂದು ಹಲ್ಲು ನನ್ನ ಚಪ್ಪಲಿಯ ಮೇಲೆ ಬಿತ್ತು. ಅವನ ಹೆಂಡತಿ ಓಡಿಬಂದು ನನ್ನ ಜಡೆ ಹಿಡಿದು ಎಳೆದಳು. ಅವಳ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿದೆ. ಬಾಲ್ಕನಿಗಳಲ್ಲಿ ಜನ ಮೊಬೈಲ್ ಹಿಡಿದು ನಿಂತಿದ್ದರು. ಆ ಹೊತ್ತಿನಲ್ಲಿ ನನಗೆ ಭಯವಿರಲಿಲ್ಲ, ಸುಖವಿತ್ತು. ಇದನ್ನು ಯಾರಿಗೂ ಹೇಳಿಲ್ಲ.

ತರಕಾರಿ ಗಾಡಿಯ ಮುದುಕ ನನ್ನ ತೋಳು ಹಿಡಿದು, “ಬಸ್ ಬೇಟಿ, ಭಾಯೀ ಕೋ ದೇಖೋ,” ಸಾಕು ಮಗಳೇ, ಅಣ್ಣನನ್ನು ನೋಡು, ಎಂದಾಗಲೇ ತಿರುಗಿ ನೋಡಿದ್ದು. ಅಣ್ಣನಿಗೆ ಫಿಟ್ಸ್ ಬಂದು ಮೈಯೆಲ್ಲ ಅದುರುತ್ತಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ತೋರಿಸಿದ ಡಾಕ್ಟರು, ಏಟಿಗೆ ಸತ್ತ ಭಾಗ ಸತ್ತಾಯಿತು, ಸುತ್ತಲಿನದು ಎಷ್ಟು ಉಳಿಯುತ್ತದೋ ನೋಡಬೇಕು ಎಂದರು. ಅದು ನನಗೆ ಗೊತ್ತಿತ್ತು. ಒಡೆದ ಕೋಶಗಳಿಂದ ಚೆಲ್ಲಿದ ಗ್ಲುಟಮೇಟ್ ಪಕ್ಕದ ಕೋಶಗಳನ್ನು ತೆರೆದು ಹಾಕುತ್ತದೆ. ಕ್ಯಾಲ್ಸಿಯಂ ನುಗ್ಗಿ ಅವೂ ಒಡೆಯುತ್ತವೆ. ಕೊಲೆ ಇನ್ನೂ ನಡೆಯುತ್ತಲೇ ಇದೆ.

“ಕ್ಯಾಲ್ಸಿಯಂ ಚಾನೆಲ್ ಮುಚ್ಚುವ ಔಷಧಿ ಕೊಡಿ! ಈಗಲೇ ಕೊಡಿ!” ಎಂದು ನನ್ನ ತಟ್ಟೆಯ ಪ್ರಯೋಗಗಳನ್ನು ಹೇಳಿ ಕಿರುಚಿದೆ.

ಅವರು ಸಿಟ್ಟಾಗಲಿಲ್ಲ. “ನಿಮ್ಮ ತಟ್ಟೆಯ ಕೋಶಕ್ಕೆ ರಕ್ತದೊತ್ತಡ ಇಲ್ಲ, ಮೇಡಂ. ಇವರಿಗೆ ಇದೆ. ಈ ಸ್ಥಿತಿಯಲ್ಲಿ ಆ ಔಷಧಿಯಿಂದ ಅದು ಬಿದ್ದರೆ ಉಳಿದದ್ದೂ ಹೋಗುತ್ತೆ.”

ಐದನೆಯ ದಿನ ನನ್ನ ಸಂಶೋಧನೆಯ ಗೈಡ್ ಫೋನ್ ಮಾಡಿದರು. ಕೋಶಗಳು ಸಿದ್ಧವಾಗಿವೆ, ಇವತ್ತು ಮಾಡದಿದ್ದರೆ ವ್ಯರ್ಥ. ಊರಿಂದ ಬಂದಿದ್ದ ಅಮ್ಮನನ್ನು ಐಸಿಯು ಮುಂದೆ ಕೂರಿಸಿ ಹೋದೆ. ಒಂದು ತಟ್ಟೆಗೆ ಗ್ಲುಟಮೇಟ್ ಸುರಿಯುವ ಮೊದಲೇ ಚಾನೆಲ್ ಮುಚ್ಚುವ ಔಷಧಿ ಕೊಟ್ಟೆ, ಇನ್ನೊಂದಕ್ಕೆ ಅರ್ಧ ಗಂಟೆ ತಡವಾಗಿ. ಮೊದಲೇ ಕೊಟ್ಟವು ಬಹುಪಾಲು ಬದುಕಿದವು. ತಡವಾಗಿ ಕೊಟ್ಟವು ಒಂದೊಂದಾಗಿ ಒಡೆದವು. ಡಾಕ್ಟರು ಹೇಳದೆ ಬಿಟ್ಟದ್ದು ಇದೇ: ಔಷಧಿ ಕೊಡುವ ಹೊತ್ತು ಆಗಲೇ ಮೀರಿತ್ತು. ಎದ್ದು ಸ್ಟೂಲನ್ನು ಗೋಡೆಗೆ ಎಸೆದೆ. ಅದರ ಕಾಲು ಮುರಿಯಿತು.

ಅಣ್ಣನಿಗೆ ಒಂಬತ್ತನೆಯ ದಿನ ಎಚ್ಚರವಾಯಿತು. ಎಡಗೈ ಸೋತಿತ್ತು. ಮಾತು ನಿಧಾನವಾಗಿ ಬಂತು, ಅದರ ಜೊತೆಗೆ ಹಿಂದೆಂದೂ ಇಲ್ಲದ ಸಿಟ್ಟೂ ಬಂತು. ಚಹಾ ಆರಿದೆ ಎಂದು ಲೋಟ ಎಸೆದು ನನ್ನ ಹುಬ್ಬು ಸೀಳಿದ. ಹೊಲಿಗೆ ಹಾಕಿಸಿಕೊಂಡು ಬಂದ ನನ್ನನ್ನು ನೋಡಿ ಅತ್ತ. “ಒಳಗಿಂದ ಯಾರೋ ನೂಕಿದ ಹಾಗಾಗುತ್ತೆ ಕಣೇ. ತಡೆಯೋಕೇ ಆಗಲ್ಲ.”

ಪೊಲೀಸರು ಎರಡೂ ಕಡೆಯ ದೂರು ಬರೆದುಕೊಂಡು ರಾಜಿಗೆ ಒತ್ತಾಯಿಸಿದರು. ನಾವು ಒಪ್ಪಲಿಲ್ಲ. ಹಾಗಾಗಿ ಕೋರ್ಟಿನಲ್ಲಿ ನಾನು ಒಂದು ಕೇಸಿಗೆ ಸಾಕ್ಷಿ, ಇನ್ನೊಂದಕ್ಕೆ ಆರೋಪಿ. ಕಳೆದ ಸಲ ಪಕ್ಕದ ಮನೆಯವನನ್ನು ಹತ್ತಿರದಿಂದ ನೋಡಿದೆ. ದವಡೆ ಸೊಟ್ಟಗೆ ಕೂಡಿಕೊಂಡಿದೆ, ಮಾತು ತೊದಲುತ್ತದೆ.

ಹೊರಗೆ ಬಂದ ಮೇಲೆ ಅಣ್ಣ ಕೇಳಿದ: “ಅವನಿಗೆ ಎಷ್ಟು ಸಲ ಹೊಡೆದೆ?”

“ಗೊತ್ತಿಲ್ಲ.”

“ನನಗೆ ಪ್ರಜ್ಞೆ ಇದ್ದಿದ್ರೆ ನಿನ್ನನ್ನ ನಿಲ್ಲಿಸ್ತಿದ್ದೆ.”

ಅವನ ಸೋತ ಕೈ ಹಿಡಿದು ರಸ್ತೆ ದಾಟಿಸಿದೆ.