ಜಗಳೂರಿನ ಸೌಟು ನ್ಯಾಮತಿಗೆ ಹೋದದ್ದು

ಜಗಳೂರಿನಿಂದ ದಾವಣಗೆರೆಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ಕೂತ ಮೇಲೆ ನನ್ನ ಅಣ್ಣ ಕಿಟಕಿಯ ಹತ್ತಿರ ಬಂದು ನಿಂತ. ನಾವಿಬ್ಬರು ಎಂದರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ನಾನು ಮತ್ತು ಅಣ್ಣನ ಮಗಳು ರೇಣುಕಾ. ನ್ಯಾಮತಿಯ ಆಚೆ ಶಿವಮೊಗ್ಗ ರಸ್ತೆಯಲ್ಲಿ ಹೊಸದಾಗಿ ತೆರೆದಿರುವ ದೊಡ್ಡ ರೆಸ್ಟೋರೆಂಟಿನಲ್ಲಿ ಅವಳಿಗೆ ಮರುದಿನ ಕೆಲಸದ ಪರೀಕ್ಷೆ ಇತ್ತು. ಕಾರಿನಲ್ಲಿ ಜೋಗಕ್ಕೆ ಹೋಗುವ ಹೊರರಾಜ್ಯದ ಜನ ಅಲ್ಲಿ ಊಟಕ್ಕೆ ನಿಲ್ಲುತ್ತಾರಂತೆ. ಅವರಿಂದ ಇಂಗ್ಲಿಷಿನಲ್ಲಿ ಆರ್ಡರ್ ತಗೊಂಡು ಇಂಗ್ಲಿಷಿನಲ್ಲೇ ಉಪಚಾರ ಮಾಡಬೇಕು.

"ಇದು ಮೂರನೇ ಸಲ ನೋಡಮ್ಮ," ಅಂದ ಅಣ್ಣ. "ಎರಡು ಕಡೆ ಇಂಗ್ಲಿಷ್ ಬರಲ್ಲ ಅಂತ ವಾಪಸ್ ಕಳ್ಸಿದ್ರು. ಈ ಸಲಾನೂ ಹಂಗೇ ಆದ್ರೆ ಮನೆ ಖಾನಾವಳಿನೇ ನೋಡ್ಕಂಡು ಇರ್ಲಿ. ಮತ್ತೆಲ್ಲಿಗೂ ಕಳ್ಸಲ್ಲ."

"ನಾನು ತಯಾರು ಮಾಡೀನಿ. ನೀನು ಮನೆಗೆ ನಡಿ," ಅಂದೆ. ಜಂಬ ಅಂತಲೇ ಇಟ್ಟುಕೊಳ್ಳಿ. ಒಂದು ತಿಂಗಳಿಂದ ದಿನಾ ಸಂಜೆ ಅವಳನ್ನು ಕೂರಿಸಿಕೊಂಡು ಗಂಟಲು ಹರಿದುಕೊಂಡಿದ್ದೆ.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಎರಡು ಟಿಕೆಟ್ ಕೊಟ್ಟರು. ಬಿಳಿಚೋಡಿನವರೆಗೂ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಡ್ರೈವರ್ ಬೈಯುತ್ತಲೇ ಕಾಳು ತುಳಿಯದಂತೆ ಬಸ್ಸನ್ನು ಪಕ್ಕಕ್ಕೆ ಎಳೆಯುತ್ತಿದ್ದರು. ನಾನು ಗಿರಾಕಿ, ರೇಣುಕಾ ಬಡಿಸುವವಳು ಎಂದು ಇಟ್ಟುಕೊಂಡು ಅಭ್ಯಾಸ ಶುರು ಮಾಡಿದೆವು. "ಮೇ ಐ ಟೇಕ್ ಯುವರ್ ಆರ್ಡರ್, ಮ್ಯಾಮ್?" ಎಂದು ಅವಳು ಕೇಳಿದ್ದಕ್ಕೆ ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿ, "ಏನವ್ವ, ಬಸ್ಸಿನಾಗೂ ತಿಂಡಿ ಕೊಡ್ತಾರೇನು?" ಎಂದು ಆಸೆಯಿಂದ ಕೇಳಿದರು. ಇಲ್ಲ ಎಂದು ತಿಳಿದ ಮೇಲೆ ಅವರು ನಮ್ಮ ಕಡೆ ನೋಡಲಿಲ್ಲ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಬಸ್ ಸ್ಟ್ಯಾಂಡ್ ಎದುರಿನ ಸಣ್ಣ ಹೋಟೆಲಿನಲ್ಲಿ ಈ ಸಲ ಅವಳೇ ಗಿರಾಕಿಯಾಗಲಿ, ಕೇಳುವವರ ಕಷ್ಟವೂ ಗೊತ್ತಾಗಲಿ ಎಂದೆ. ರೇಣುಕಾ ಬೆನ್ನು ನೆಟ್ಟಗೆ ಮಾಡಿ ಕೂತು, ನೀರಿಟ್ಟವನಿಗೆ "ಎಕ್ಸ್‌ಕ್ಯೂಸ್ ಮಿ, ಕುಡ್ ವಿ ಹ್ಯಾವ್ ಟೂ ಪ್ಲೇಟ್ಸ್ ಆಫ್ ಇಡ್ಲಿ, ಪ್ಲೀಸ್?" ಎಂದಳು. ಅವನು ಒಳಗೆ ಹೋದ. ಐದು ನಿಮಿಷಕ್ಕೆ ಮಾಲೀಕರೇ ಬಂದು ಮೇಜನ್ನು ಎರಡು ಸಲ ಒರೆಸಿದರು. ಹೊಸ ಚಟ್ನಿ ಬಂತು. ಲೋಟಗಳು ಬದಲಾದವು. ನಾವು ಏಳುವಾಗ ಅವರು ನನ್ನ ಪಕ್ಕ ಬಂದು ಸಣ್ಣ ದನಿಯಲ್ಲಿ, "ಮೇಡಂ, ನೀವು ಹೆಲ್ತ್ ಆಫೀಸಿನೋರೇನ್ರಿ? ಅಡುಗೆಮನೆ ನಾಳೆ ತೊಳಸ್ತೀವ್ರಿ," ಅಂದರು. ಹೊರಗೆ ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ರಾತ್ರಿ ಉಳಿದದ್ದು ಅಲ್ಲೇ ಚನ್ನಗಿರಿಯಲ್ಲಿ, ನನ್ನ ಹಳೆಯ ಸಹೋದ್ಯೋಗಿ ನೂರ್‌ಜಹಾನ್ ಮನೆಯಲ್ಲಿ. ನಮಗೆಂದೇ ತರಕಾರಿ ಪಲಾವ್ ಮಾಡಿದ್ದಳು. ರೇಣುಕಾ ಎರಡನೆಯ ಸಲಕ್ಕೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ನೋ, ಥ್ಯಾಂಕ್ಯೂ ಆಂಟಿ" ಅಂದಳು. "ಅರೇ, ಥ್ಯಾಂಕ್ಯೂ ನೀನೇ ಇಟ್ಕೊ, ಇದನ್ನೂ ಇಟ್ಕೊ," ಎನ್ನುತ್ತ ನೂರ್‌ಜಹಾನ್ ಬೆರಳ ಸಂದಿಯಲ್ಲೇ ಬಡಿಸಿಬಿಟ್ಟಳು. ರೇಣುಕಾ ಅದನ್ನು ಖುಷಿಯಿಂದ ತಿಂದಳು. ನಾನೂ ತಿಂದೆ. ನಮ್ಮ ಸೀಮೆಯಲ್ಲಿ ಮೊದಲನೆಯ ಬೇಡ ಲೆಕ್ಕಕ್ಕಿಲ್ಲ. ಬೇಡ ಅಂದ ಕೂಡಲೇ ಸೌಟು ಹಿಂದಕ್ಕೆ ಹೋದರೆ ಆ ಮನೆಯವರು ಜುಗ್ಗರು ಅಂತ ಹೆಸರು ಬರುತ್ತದೆ. ಒಂದು ತಿಂಗಳು ಪಾಠ ಹೇಳಿದ ನನಗೆ ಇದು ಎಲ್ಲ ಕಡೆ ನಡೆಯಲ್ಲ ಅಂತಲೂ ಹೇಳಿಕೊಡಬೇಕೆಂದು ಹೊಳೆಯಲೇ ಇಲ್ಲ.

ಮರುದಿನ ಹೊನ್ನಾಳಿಗೆ ಖಾಸಗಿ ಬಸ್ಸು ಹಿಡಿದೆವು, ದುಡ್ಡು ಕೊಟ್ಟು. ಸಾಸ್ವೆಹಳ್ಳಿಯ ಹತ್ತಿರ ಗದ್ದೆಗಳು ಶುರುವಾಗಿ ಗಾಳಿ ತಣ್ಣಗಾಯಿತು. ರೇಣುಕಾಗೆ ಇದ್ಯಾವುದೂ ಬೇಕಿರಲಿಲ್ಲ. ಬಾಯಲ್ಲೇ ವಾಕ್ಯಗಳನ್ನು ತಿರುಗಿಸುತ್ತಿದ್ದಳು. ಬೆಳಗ್ಗೆ ಅವಳಿಗೆ ಒಂದು ತುತ್ತೂ ಇಳಿದಿರಲಿಲ್ಲ. ಅವಳನ್ನು ಬಿಟ್ಟು ನಾನೊಬ್ಬಳೇ ಹೇಗೆ ತಿನ್ನಲಿ, ನಾನೂ ಬರೀ ಟೀ ಕುಡಿದು ಹೊರಟಿದ್ದೆ. ಹೊನ್ನಾಳಿ ದಾಟುವಾಗ ತುಂಗಭದ್ರೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. "ಅತ್ತೆ, ಆಗಲಿಲ್ಲ ಅಂದ್ರೆ ಅಪ್ಪಗೆ ನೀವೇ ಹೇಳ್ಬೇಕು," ಅಂದಳು ರೇಣುಕಾ. ಆಗದೆ ಏನು ಎಂದು ಗದರಿದೆ.

ಅಲ್ಲಿಂದ ನ್ಯಾಮತಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಊರ ಹೊರಗಿನ ರೆಸ್ಟೋರೆಂಟಿಗೆ ಆಟೋದಲ್ಲಿ ಹೋದೆವು. ಮ್ಯಾನೇಜರ್ ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಮ್ಮಿ. ರೇಣುಕಾಗೆ ಏಪ್ರನ್ ಕೊಟ್ಟು, "ನಾನೇ ಗೆಸ್ಟ್. ಆರ್ಡರ್‌ನಿಂದ ಬಿಲ್‌ವರೆಗೆ ನೀನೇ ನೋಡ್ಕೋಬೇಕು," ಎಂದು ಮೇಜಿನ ಮುಂದೆ ಕೂತರು. ನನ್ನನ್ನು ದೂರದ ಮೂಲೆಯಲ್ಲಿ ಕೂರಿಸಿದರು.

ಆರ್ಡರ್ ತಗೊಂಡ ರೀತಿ ನೋಡಬೇಕಿತ್ತು. "ಗುಡ್ ಆಫ್ಟರ್‌ನೂನ್ ಮ್ಯಾಮ್, ವುಡ್ ಯು ಲೈಕ್ ಸಮ್‌ಥಿಂಗ್ ಟು ಡ್ರಿಂಕ್ ಫಸ್ಟ್?" ಎಲ್ಲೂ ತಡವರಿಸಲಿಲ್ಲ. ಕೂತಲ್ಲೇ ನನ್ನ ಎದೆ ಉಬ್ಬಿತು. ಪೂರಿ ಸಾಗು ತಂದಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಸಾಗಿನ ಪಾತ್ರೆ ಹಿಡಿದು ಬಂದು, "ಸಮ್ ಮೋರ್, ಮ್ಯಾಮ್?" ಅಂದಳು.

"ನೋ, ಥ್ಯಾಂಕ್ಯೂ," ಅಂದರು ಮ್ಯಾನೇಜರ್.

ರೇಣುಕಾ ಒಂದು ಸೌಟು ಬಡಿಸಿದಳು.

"ನೋ, ರಿಯಲಿ, ಥ್ಯಾಂಕ್ಯೂ," ಎಂದು ಮ್ಯಾನೇಜರ್ ತಟ್ಟೆಗೆ ಕೈ ಅಡ್ಡ ಹಿಡಿದರು. ನಮ್ಮ ಹುಡುಗಿಯ ಮುಖ ಅರಳಿತು. ಹತ್ತು ವರ್ಷದಿಂದ ತನ್ನ ಅಮ್ಮನ ಖಾನಾವಳಿಯಲ್ಲಿ ಅಡ್ಡ ಬಂದ ಕೈಗಳನ್ನು ದಾಟಿ ಬಡಿಸಿದವಳು ಅವಳು. "ಜಸ್ಟ್ ಎ ಲಿಟಲ್, ಮ್ಯಾಮ್," ಎಂದು ಪ್ರೀತಿಯಿಂದ ಬಗ್ಗಿ ಬೆರಳ ಸಂದಿಗೆ ಸೌಟು ತೂರಿಸಿದಳು. ಬಿಸಿ ಸಾಗು ಅವರ ಉಂಗುರದ ಮೇಲಿಂದ ಹರಿದು ತೋಳಿನ ತನಕ ಹೋಯಿತು.

ಅಯ್ಯೋ ಶಿವನೇ ಅಂದುಕೊಂಡೆ. ಎದ್ದು ಅಲ್ಲಿಗೆ ಹೋದೆ. "ತಪ್ಪು ಅವಳದಲ್ಲ, ಮೇಡಂ. ನಮ್ಮ ಕಡೆ ಬೇಡ ಅಂದ್ರೂ ಬಡಿಸೋದೇ ಮರ್ಯಾದೆ. ನಾನು ಮಾತು ಕಲಿಸಿದೆ, ಇಲ್ಲಿ ಹಂಗಲ್ಲ ಅಂತ ಹೇಳಲೇ ಇಲ್ಲ," ಅಂದೆ.

ಮ್ಯಾನೇಜರ್ ಕೈ ಒರೆಸಿಕೊಂಡು ರೇಣುಕಾ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ನೋಡಮ್ಮ, ನಿನ್ನ ಇಂಗ್ಲಿಷ್ ಚೆನ್ನಾಗಿದೆ. ಆದ್ರೆ ಇಲ್ಲಿಗೆ ಬರೋರು ಬೇಡ ಅಂದ್ರೆ ಅದು ಬೇಡ ಅಂತಲೇ. ನಂಬಬೇಕು. ಒತ್ತಾಯ ಮಾಡಿದ್ರೆ ಅವರಿಗೆ ಹಿಂಸೆ. ನಿನ್ನ ಕೈ ಅದನ್ನ ಕಲಿಯುತ್ತಾ?"

"ಕಲೀತೈತ್ರಿ," ಅಂದಳು ರೇಣುಕಾ. ಕಣ್ಣು ತುಂಬಿತ್ತು.

"ಹಾಗಾದ್ರೆ ನಿಮ್ಮ ಅತ್ತೆಗೆ ಬಡಿಸು. ನಾನು ನೋಡ್ತೀನಿ. ಇನ್ನೊಂದು ಸಲ ಹೀಗೇ ಆದ್ರೆ ಕಷ್ಟ."

ನಾನು ಅದೇ ಮೇಜಿಗೆ ಕೂತೆ. ಬೆಳಗಿನಿಂದ ಖಾಲಿ ಹೊಟ್ಟೆ. ಆಚೆ ಹೋಗಿ ಮುಖ ತೊಳೆದು ಬಂದ ರೇಣುಕಾ ಮತ್ತೆ "ಗುಡ್ ಆಫ್ಟರ್‌ನೂನ್, ಮ್ಯಾಮ್"ನಿಂದ ಶುರು ಮಾಡಿದಳು. ಅನ್ನ, ಸಾರು, ಒಂದು ಪಲ್ಯ ಕೇಳಿದೆ. ಸಾರು ಬಲು ರುಚಿಯಾಗಿತ್ತು. ತಟ್ಟೆ ಖಾಲಿಯಾಗುತ್ತಿದ್ದಂತೆ ಅವಳು ಅನ್ನದ ಪಾತ್ರೆ ಹಿಡಿದು ಪಕ್ಕಕ್ಕೆ ಬಂದಳು. "ವುಡ್ ಯು ಲೈಕ್ ಸಮ್ ಮೋರ್ ರೈಸ್, ಮ್ಯಾಮ್?"

"ನೋ, ಥ್ಯಾಂಕ್ಯೂ," ಅಂದುಬಿಟ್ಟೆ. ಅರವತ್ತು ವರ್ಷದ ಅಭ್ಯಾಸ. ಕೇಳಿದ ಕೂಡಲೇ ಹೂಂ ಅನ್ನುವುದು ನನ್ನ ನಾಲಿಗೆಗೆ ಗೊತ್ತಿಲ್ಲ. ಅಷ್ಟೇ ಅಲ್ಲ, ಕೈ ಬೇರೆ ತಾನಾಗಿಯೇ ತಟ್ಟೆಗೆ ಅಡ್ಡ ಬಂತು.

ರೇಣುಕಾಳ ಸೌಟು ಅನ್ನ ತುಂಬಿಕೊಂಡು ಎದ್ದಿತ್ತು. ತಟ್ಟೆಯ ಕಡೆಗೆ ಒಂದು ಗೇಣು ಬಂದು ನಿಂತಿತು. ಎದುರಿನ ಮೇಜಿನಿಂದ ಮ್ಯಾನೇಜರ್ ನೋಡುತ್ತಿದ್ದರು.

"ಶ್ಯೂರ್, ಮ್ಯಾಮ್," ಅಂದಳು ರೇಣುಕಾ. ಅನ್ನವನ್ನು ಪಾತ್ರೆಗೆ ಇಳಿಸಿ, ತಿರುಗಿ ಹೋದಳು.

"ಸೋಮವಾರ ಬಂದುಬಿಡು," ಅಂದರು ಮ್ಯಾನೇಜರ್.

ವಾಪಸ್ ಹೊನ್ನಾಳಿ ಬಸ್ಸಿನಲ್ಲಿ ಅವಳು ಅಪ್ಪನಿಗೆ ಫೋನ್ ಮಾಡಿ ಅರ್ಧ ಅತ್ತು ಅರ್ಧ ನಕ್ಕು ಸುದ್ದಿ ಹೇಳಿದಳು. ಆಮೇಲೆ ಅಣ್ಣ ನನ್ನ ಜೊತೆ ಮಾತಾಡಬೇಕು ಅಂದನಂತೆ. ಫೋನ್ ಕೊಟ್ಟರೆ ಆ ಕಡೆಯಿಂದ ಮೂಗು ಏರಿಸುವ ಸದ್ದು ಮಾತ್ರ. ಹಿಂದೆ ತಿರುಗಿ ನೋಡಿದೆ, ರೆಸ್ಟೋರೆಂಟಿನ ಬೋರ್ಡು ಮರಗಳ ಮರೆಗೆ ಸರಿದಿತ್ತು. ರೇಣುಕಾ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಬಾಳೆಲೆ ಬಿಚ್ಚಿದರೆ ಬಿಸಿ ಆರದ ಅನ್ನ, ಸಾರಿನಲ್ಲಿ ಕಲಸಿದ್ದು.

"ಅಡುಗೆಯೋರ ಹತ್ರ ಕೇಳಿ ಕಟ್ಟಿಸ್ಕಂಡೆ," ಅಂದಳು. "ನಿಮಗೆ ಹಸಿವಿತ್ತು ಅಂತ ಗೊತ್ತಿತ್ತು ಅತ್ತೆ. ಅದಕ್ಕೇ ಆವಾಗ ನಿಮ್ಮ ಮುಖ ನೋಡ್ಲಿಲ್ಲ."