ಹೂಳದ ಮೊಟ್ಟೆಗಳ ಅರ್ಜಿ

ಆಕೆಗೊಂದು ಹೆಸರು ಇತ್ತು, ಇಲ್ಲವೆಂದಲ್ಲ. ಆದರೆ ಬೀದಿಯವರೆಲ್ಲ ಮೊಟ್ಟೆ ಅಕ್ಕ ಎಂದೇ ಕರೆಯುತ್ತಿದ್ದರು, ಆಕೆಯೂ ಅದಕ್ಕೇ ಓಗೊಡುತ್ತಿದ್ದಳು. ಮನೆ ಹಿಂದಿನ ಶೆಡ್ಡಿನಲ್ಲಿ ನೂರೈವತ್ತು ಕೋಳಿ. ಬಿರುಕು ಬಿಟ್ಟ ಮೊಟ್ಟೆಗೆ ಕಾಸು ಮುಟ್ಟಬಾರದು ಎಂಬುದು ಗಂಡ ಹೆಂಡಿರ ಹಟ. ಅಂಥವನ್ನು ಬೆಳಿಗ್ಗೆ ಬುಟ್ಟಿಯಲ್ಲಿಟ್ಟುಕೊಂಡು ಬೀದಿಯ ಮನೆಗಳಿಗೆ ಪುಕ್ಕಟೆ ಕೊಟ್ಟು ಬರುತ್ತಿದ್ದಳು.

ಸೋಂಕು ಬಂತು. ಹೋಟೆಲುಗಳು ಬಾಗಿಲು ಹಾಕಿದವು, ಮೊಟ್ಟೆಯ ವ್ಯಾನು ನಿಂತಿತು. ಮೂರನೆಯ ವಾರ ಆಸ್ಪತ್ರೆಗೆ ಹೋದ ಗಂಡ ತಿರುಗಿ ಬರಲಿಲ್ಲ. ಮಣ್ಣು ಮಾಡಿದವರು ಯಾರೋ, ಮಾಡಿದ್ದು ಎಲ್ಲೋ. ಆಮೇಲೆ ಫೋನಿನಲ್ಲಿ ತಿಳಿಸಿದರು. ಆಕೆ "ಸರಿ" ಎಂದು ಫೋನಿಟ್ಟು ಶೆಡ್ಡಿಗೆ ಹೋದಳು. ಕೋಳಿಗಳಿಗೇನು ಗೊತ್ತು, ಅವು ಇಡುತ್ತಲೇ ಇದ್ದವು. ಆಕೆಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಒಡೆದದ್ದು, ಒಡೆಯದ್ದು ಎಂದು ಬೇರೆ ಮಾಡುವುದನ್ನು ಬಿಟ್ಟು, ಎಲ್ಲವನ್ನೂ ಬುಟ್ಟಿಗೆ ತುಂಬಿ ಅದೇ ಮನೆಗಳ ಬಾಗಿಲಲ್ಲಿಟ್ಟು ಬಂದಳು. ಜನ ದಾನವೆಂದು ಕೊಂಡಾಡಿದರು. ನಿಜ ಹೇಳಬೇಕೆಂದರೆ ಕಾಲಿಗೆ ದಾರಿ ರೂಢಿಯಾಗಿತ್ತು, ಮನಸ್ಸು ಜೊತೆಗಿರಲಿಲ್ಲ. ಹೀಗೇ ಐದು ತಿಂಗಳು ಕಳೆಯಿತು.

ಅಷ್ಟರಲ್ಲಿ ಸರ್ಕಾರಕ್ಕೂ ನಿದ್ದೆ ತಿಳಿದು, ಮಾರಲಾಗದೆ ಹೂತುಹಾಕಿದ ಮೊಟ್ಟೆಗೆ ಕೋಳಿ ಸಾಕಣೆದಾರರಿಗೆ ಪರಿಹಾರ ಘೋಷಿಸಿತು. ಆಕೆಯ ಶೆಡ್ಡಿನಲ್ಲಿ ಸಾಲಕ್ಕೆ ತಂದ ಫೀಡು ಸೋಮವಾರದವರೆಗೆ ಮಾತ್ರ ಇತ್ತು. ಪರಿಹಾರ ಸಿಗದಿದ್ದರೆ ಕೋಳಿಗಳೆಲ್ಲ ಮಾಂಸದಂಗಡಿಗೆ.

"ಮಾರಿದ್ದೆಷ್ಟು, ಹೂತಿದ್ದೆಷ್ಟು?" ಎಂದ ಕಚೇರಿಯ ಗುಮಾಸ್ತ.

"ಹಂಚಿಬಿಟ್ಟೆ."

"ಹಂಚಿದ್ದಕ್ಕೆ ಕಲಂ ಇಲ್ವಲ್ಲಮ್ಮ! ಹಂಚಿದ್ರೆ ಅದು ನಷ್ಟ ಹೇಗಾಗುತ್ತೆ?" ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಗುಂಡಿ ತೋಡಿ ಹೂತೆ ಅಂತ ಬರೀರಿ. ಅಕ್ಕಪಕ್ಕದ ಇಬ್ಬರ ಸಹಿ ತನ್ನಿ. ನಾನು ಹೇಳಿಕೊಟ್ಟೆ ಅನ್ನಬೇಡಿ, ನಾನೂ ಮಕ್ಕಳೊಂದಿಗ."

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕವನ್ನೂ ಹುಡುಕದೆ ಸಹಿ ಹಾಕಿದರು. "ಹೂತಿದ್ದು ನಿಜಾನೇ ಬಿಡಮ್ಮ, ನನ್ನ ಹೊಟ್ಟೇಲಿ!" ಎಂದು ತಾವೇ ನಕ್ಕರು. ಆಕೆ ನಗಬೇಕೆಂದುಕೊಂಡಳು, ಆಗಲಿಲ್ಲ.

ಎದುರು ಮನೆಯ ಟೈಲರಮ್ಮ ಹಾಗಲ್ಲ. ಹೊಲಿಗೆ ನಿಲ್ಲಿಸಿ ಅರ್ಜಿಯನ್ನು ಪೂರ್ತಿ ಓದಿದಳು, ಪೆನ್ನು ಕೆಳಗಿಟ್ಟಳು.

"ನಾನು ಹಾಕಲ್ಲ ಅಕ್ಕ. ಆಗ ನನಗೆ ಕೆಲಸ ಇರಲಿಲ್ಲ, ಡಬ್ಬದಲ್ಲಿ ಒಂದು ಕಾಳಿರಲಿಲ್ಲ. ನನ್ನ ಮಗಳು ತಿಂದು ಬದುಕಿದ್ದನ್ನ ಮಣ್ಣಿಗೆ ಹಾಕಿದ್ರು ಅಂತ ಯಾವ ಬಾಯಲ್ಲಿ ಹೇಳಲಿ?"

"ಮಣ್ಣಿಗೆ ಹಾಕಿದ ಹಾಗೇ ಇತ್ತು ಕಣೆ ನನಗೆ. ಯಾರ ಮನೆ ಬಾಗಿಲು ಅಂತಾನೂ ನೋಡಲಿಲ್ಲ."

ಟೈಲರಮ್ಮ ಆಕೆಯ ಮುಖವನ್ನೇ ನೋಡಿದಳು. "ಸಹಿ ಹಾಕದೇ ಇದ್ರೆ?"

"ಸೋಮವಾರ ಕೋಳಿ ಹೋಗುತ್ತೆ."

ಟೈಲರಮ್ಮ ಪೆನ್ನೆತ್ತಿ ಗೀಚಿದಳು. ಕಾಗದ ಮಡಚಿ ಕೊಟ್ಟವಳೇ ಒಳಗೆ ಹೋಗಿ, ನಿದ್ದೆಯಲ್ಲಿದ್ದ ಎರಡು ವರ್ಷದ ಮಗಳನ್ನು ತಂದು ಮೊಟ್ಟೆ ಅಕ್ಕನ ಕೈಗೆ ಹಾಕಿದಳು.

"ಒಂದ್ಸಲ ಎತ್ಕೊಂಡು ನೋಡಿ."

ಮಗು ಬೆಚ್ಚಗಿತ್ತು. ಕೈ ಜಗ್ಗಿತು. "ಎಷ್ಟು ಭಾರ ಇದ್ದಾಳೆ!" ಎಂದಳು ಮೊಟ್ಟೆ ಅಕ್ಕ. ಐದು ತಿಂಗಳಲ್ಲಿ ಆಕೆಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಅದರ ಬೆನ್ನಿಗೇ, ಗಂಡ ಇನ್ನಿಲ್ಲ ಎಂಬುದೂ ಮನಸ್ಸಿಗೆ ನಾಟಿತು. ಆಕೆ ಮಗುವನ್ನು ಕೆಳಗಿಳಿಸಲಿಲ್ಲ.