ಮಳವಳ್ಳಿ ಸ್ಟೇಷನ್ನಿನ ಓನರಮ್ಮ

ಕಳೆದ ತಿಂಗಳು ಮಂಡ್ಯದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನೈಲಾನ್ ಹಗ್ಗ ಕೊಳ್ಳಲು ನಿಂತಿದ್ದೆ. ಅಂಗಡಿಯವರು ಹೊಸ ಸುರುಳಿಯ ಪ್ಲಾಸ್ಟಿಕ್ ಹರಿದು ಹಗ್ಗ ಎಳೆದಾಗ ಸೀಮೆಎಣ್ಣೆಯದೂ ಅಲ್ಲದ, ಮೇಣದ್ದೂ ಅಲ್ಲದ ಒಂದು ವಾಸನೆ ಬಂತು. "ಅಸ ಕಟ್ಟಕಾ, ಬಟ್ಟೆ ಒಣಗಾಕಕಾ?" ಎಂದು ಕೇಳಿದರು. ವೈರು ಕಟ್ಟುವುದಕ್ಕೆ ಎಂದೆ. ಅವರು ಮತ್ತೇನೂ ಕೇಳದೆ ಅಳೆಯತೊಡಗಿದರು. ನನಗೆ ಮಳವಳ್ಳಿಯ ಓನರಮ್ಮ ನೆನಪಾದರು. ಇದೇ ವಾಸನೆಯ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು, ಅದನ್ನು ತಮ್ಮ ತೆಂಗಿನ ಮರಕ್ಕೆ ಕಟ್ಟಲು ಬಿಡಬೇಕೋ ಬೇಡವೋ ಎಂದು ಅವರು ಬಹಳ ಹೊತ್ತು ನಿಂತಿದ್ದರು...

ಆಗ ನಾನು ಮಳವಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬೀದಿಯವರೆಲ್ಲ ಅವರನ್ನು ಓನರಮ್ಮ ಎಂದೇ ಕರೆಯುತ್ತಿದ್ದರು, ಬಾಡಿಗೆದಾರರಲ್ಲದವರು ಕೂಡ. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಗದ್ದೆ ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಬೆಳಗಿನ ಬಸ್ಸಿಗೆ ತೋಟಕ್ಕೆ ಹೋದರೆ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಮಗಳು ಮೈಸೂರಿನಲ್ಲಿ ನರ್ಸ್ ಆಗಿದ್ದಳು. ರಜೆ ಸಿಕ್ಕಾಗಲೆಲ್ಲ ಬಂದು ಹೋಗುತ್ತಿದ್ದಳು. ಓನರಮ್ಮನ ಮಾತು ಒರಟು. ನನ್ನನ್ನು ಮೇಡಮ್ಮ ಎನ್ನುತ್ತಿದ್ದರು. ಆ ಕರೆಯಲ್ಲಿ ಗೌರವವಿತ್ತೋ ಗೇಲಿಯಿತ್ತೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ನನಗೆ ಹ್ಯಾಮ್ ರೇಡಿಯೋ ಹವ್ಯಾಸವಿತ್ತು. ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಪಡೆದು, ಮನೆಯಲ್ಲಿಯೇ ವೈರ್‌ಲೆಸ್ ಸೆಟ್ ಇಟ್ಟುಕೊಂಡು ಬೇರೆ ಊರಿನ ಹವ್ಯಾಸಿಗಳ ಜೊತೆ ಮಾತಾಡುವುದು. ಅದಕ್ಕೂ ಹಿಂದಿನ ಒಂದು ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿದಾಗ ಹೊಳೆದಂಡೆಯ ಕೆಲವು ಊರುಗಳಲ್ಲಿ ಕರೆಂಟು ತೆಗೆದಿದ್ದರು. ಮೊಬೈಲ್ ಟವರುಗಳ ಬ್ಯಾಟರಿ ಮುಗಿದು ಯಾರು ಎಲ್ಲಿದ್ದಾರೆಂದು ತಿಳಿಯದೇ ಹೋಗಿತ್ತು. ಮತ್ತೆ ಹಾಗಾಗಬಾರದೆಂದು ಜಿಲ್ಲೆಯ ಹವ್ಯಾಸಿಗಳು ಸೇರಿ ಮಾತಾಡಿಕೊಂಡೆವು. ಮಂಡ್ಯದಲ್ಲೊಂದು, ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲಿ ನನ್ನದು, ಜಲಪಾತದ ಬಳಿ ಬ್ಲಫ್ ಎಂಬ ಊರಿನಲ್ಲೊಂದು ಸ್ಟೇಷನ್ ಸದಾ ಸಿದ್ಧವಿರಬೇಕು ಎಂದು ತೀರ್ಮಾನವಾಯಿತು. ಬ್ಲಫ್‌ನವರು ವಿದ್ಯುತ್ ಕೇಂದ್ರದಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಸ್ಕೂಟರಿನಲ್ಲಿ ಸೆಟ್ಟು, ಬ್ಯಾಟರಿ, ತಂತಿ ಹೇರಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಲ್ಲವರು ನಮ್ಮಲ್ಲಿ ಅವರೊಬ್ಬರೇ.

ಆಂಟೆನಾ ಎತ್ತರದಲ್ಲಿದ್ದಷ್ಟೂ ಒಳ್ಳೆಯದು ಎಂದು ಜನ ತಿಳಿದಿರುತ್ತಾರೆ. ದೂರದ ದೇಶದವರ ಜೊತೆ ಮಾತಾಡುವುದಾದರೆ ಅದು ನಿಜ. ನಮಗೆ ಬೇಕಿದ್ದದ್ದು ಪಕ್ಕದ ತಾಲ್ಲೂಕು. ಉದ್ದನೆಯ ತಂತಿಯನ್ನು ತಗ್ಗಿನಲ್ಲಿ ಅಡ್ಡ ಕಟ್ಟಿದರೆ ಅಲೆಗಳು ನೆಟ್ಟಗೆ ಆಕಾಶಕ್ಕೆ ಹೋಗಿ, ಅಲ್ಲಿಂದ ಮರಳಿ ಸುತ್ತಲಿನ ಊರುಗಳ ಮೇಲೆಯೇ ಇಳಿಯುತ್ತವೆ. ನಡುವೆ ಗುಡ್ಡವಿದ್ದರೂ ತೊಂದರೆಯಿಲ್ಲ. ಅದಕ್ಕೆ ಬೇಕಾದದ್ದು ಎರಡು ಕಂಬ ಅಥವಾ ಎರಡು ಮರ. ಓನರಮ್ಮನ ಹಿತ್ತಿಲಿನ ಎರಡು ತುದಿಗಳಲ್ಲಿ ತೆಂಗಿನ ಮರಗಳಿದ್ದವು. ನಡುವಿನ ಅಂತರ ಹೇಳಿ ಮಾಡಿಸಿದಂತಿತ್ತು.

ಇದನ್ನೆಲ್ಲ ನಾನು ಅವರಿಗೆ ವಿವರಿಸಿದೆ. ಅವರು ಕೇಳಿದ್ದು ಒಂದೇ: "ಸಿಡ್ಲು ಬಡುದ್ರೆ?"

ಗುಡುಗು ಶುರುವಾದರೆ ತಂತಿಯನ್ನು ಸೆಟ್ಟಿನಿಂದ ಬಿಚ್ಚಿ ಭೂಮಿಗೆ ಸೇರಿಸುತ್ತೇವೆ ಎಂದೆ. ಅವರು ಹಗ್ಗವನ್ನು ತಿರುವಿ ನೋಡಿದರು, ಮರವನ್ನು ನೋಡಿದರು.

"ಮೊಳೆ ಒಡಿಯಂಗಿಲ್ಲ ಕಣಮ್ಮ. ಒಡುದ್ರೆ ನೀವ್ ಬ್ಯಾರೆ ಮನೆ ನೋಡ್ಕಬೇಕಾಯ್ತದೆ."

ಮೊಳೆ ಹೊಡೆಯಲಿಲ್ಲ. ಕಾಯಿ ಕೀಳುವವರೊಬ್ಬರು ಮರದ ಸುತ್ತ ಹಳೆಯ ಸೈಕಲ್ ಟ್ಯೂಬು ಸುತ್ತಿ ಅದರ ಮೇಲೆ ಹಗ್ಗ ಬಿಗಿದರು. ತಂತಿ ಒಂದಾಳು ಎತ್ತರಕ್ಕಿಂತ ತುಸು ಹೆಚ್ಚು ಎತ್ತರದಲ್ಲಿ ಹಿತ್ತಿಲನ್ನು ದಾಟಿತು. ಅದೇ ಸಂಜೆ ಮದ್ದೂರಿನವರು ಪಕ್ಕದ ಕೋಣೆಯಲ್ಲಿದ್ದಂತೆ ಕೇಳಿಸಿದರು. ಆದರೆ ಮಾರನೆಯ ವಾರ ಯಾರೂ ಸರಿಯಾಗಿ ಕೇಳಿಸಲಿಲ್ಲ. ಕೆಳಗೆ ಬಂದು ನೋಡಿದರೆ ತಂತಿಯ ಮೇಲೆ ಓನರಮ್ಮನ ಒದ್ದೆ ಸೀರೆಗಳು, ಒಂದು ಜಮಖಾನ. "ಸುಮ್ಕೆ ಇತ್ತಲ್ಲ ಅಂತ ಆಕ್ದೆ," ಎಂದರು. ಆಮೇಲೆ ಹಾಕಲಿಲ್ಲ.

ಎರಡು ಮಳೆಗಾಲ ಏನೂ ಆಗಲಿಲ್ಲ. ಭಾನುವಾರ ಬೆಳಿಗ್ಗೆ ನಾವು ಪರೀಕ್ಷೆಗೆಂದು ಒಬ್ಬರನ್ನೊಬ್ಬರು ಕರೆದು, ಕೇಳಿಸುತ್ತಿದೆ ಎಂದು ಹೇಳಿ, ಹವಾಮಾನ ಮಾತಾಡಿ ಮುಗಿಸುತ್ತಿದ್ದೆವು. ಓನರಮ್ಮ ಕೆಲವು ಸಲ ಕಾಫಿ ತಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಬರೀ ಕೇಳುಸ್ತದಾ ಕೇಳುಸ್ತದಾ ಅಂತೀರಲ್ಲ, ಯೋಳಕೇನೂ ಇಲ್ವಾ?" ಎಂದು ಒಮ್ಮೆ ಕೇಳಿದರು.

ಮೂರನೆಯ ವರ್ಷ ಹೊಳೆ ಬಂತು. ಮಳವಳ್ಳಿಯಲ್ಲಿ ಅಂದು ಚೆನ್ನಾಗಿ ಬಿಸಿಲಿತ್ತು. ಮಳೆ ಬಿದ್ದದ್ದು ಎಲ್ಲೋ ಮೇಲೆ. ಅಣೆಕಟ್ಟುಗಳು ತುಂಬಿ ನೀರು ಬಿಟ್ಟಿದ್ದರು. ಬ್ಲಫ್ ಆಪರೇಟರು ಹಿಂದಿನ ದಿನವೇ ಸ್ಕೂಟರಿನಲ್ಲಿ ಹೊಳೆದಂಡೆಯ ಒಂದು ಊರಿಗೆ ಹೋಗಿ, ದಿಬ್ಬದ ಮೇಲಿನ ಶಾಲೆಯಲ್ಲಿ ಸೆಟ್ಟು ಹೂಡಿದ್ದರು. ಬೆಳಗಿನ ಹೊತ್ತಿಗೆ ರಸ್ತೆ ಮುಳುಗಿ, ಊರಿನವರೆಲ್ಲ ಅದೇ ಶಾಲೆಗೆ ಬಂದಿದ್ದರು. ಫೋನು ಸತ್ತಿತ್ತು. ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡು ತಾಲ್ಲೂಕು ಕಚೇರಿಗೆ ಫೋನು ಮಾಡಿ ತಿಳಿಸುತ್ತಿದ್ದೆ. ಸಕ್ಕರೆ ಕಾಯಿಲೆಯ ಒಬ್ಬರಿಗೆ ಇನ್ಸುಲಿನ್ ಬೇಕು, ಒಬ್ಬಳು ಬಸುರಿ ಇದ್ದಾಳೆ, ಮೊದಲ ದೋಣಿಯಲ್ಲಿ ಅವಳನ್ನು ಕಳಿಸುತ್ತೇವೆ... ಹೀಗೆ. ಕೆಲಸ ನಿಧಾನವಾಗಿ, ಕ್ರಮವಾಗಿ ನಡೆಯಿತು. ಭಯಪಡಲು ಪುರಸೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೀರು ಶಾಲೆಯ ಮೆಟ್ಟಿಲಿಗೆ ಬಂದಿತು. ಮುಂದಿನ ದೋಣಿಯೇ ಕೊನೆಯದು, ಅದರಲ್ಲಿ ತಾವೂ ಸೆಟ್ಟು ಬಿಚ್ಚಿಕೊಂಡು ಹೊರಡುವುದಾಗಿ ಆಪರೇಟರು ಹೇಳಿದರು. ಆಮೇಲೆ, "ಒಬ್ಬ ಮನುಷ್ಯ ಬರಲ್ಲ ಅಂತ ಕೂತಿದ್ದಾನೆ. ಎರಡು ಹಸು ಇವೆ, ದೋಣಿಗೆ ಹತ್ತಿಸಕ್ಕಾಗಲ್ಲ. ಹಸು ಬಿಟ್ಟು ಬರಲ್ಲ ಅಂತಾನೆ. ಎಲ್ಲರೂ ಹೇಳಿ ಸಾಕಾಗಿದೆ, ಓವರ್," ಎಂದರು. ಅವನ ಹೆಸರನ್ನೂ ಅವನಪ್ಪನ ಹೆಸರನ್ನೂ ಹೇಳಿದರು, ಕಚೇರಿಗೆ ತಿಳಿಸಲೆಂದು.

ಓನರಮ್ಮ ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದಿದ್ದವರು ಅಲ್ಲೇ ನಿಂತರು.

"ಅದು ನನ್ ತಮ್ಮ," ಎಂದರು.

ಅವರಿಗೆ ತಮ್ಮನಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಅವರ ಮಗಳಿಂದ ತಿಳಿದದ್ದು ಇಷ್ಟು. ಮಗಳನ್ನು ತಮ್ಮನ ಮಗನಿಗೆ ಕೊಡುವುದೆಂದು ಅವಳು ಹುಟ್ಟಿದಾಗಲೇ ಮಾತಾಗಿತ್ತು. ಹುಡುಗಿ ನರ್ಸಿಂಗ್ ಓದುತ್ತೇನೆಂದಳು. ಓನರಮ್ಮ ಮಾತು ಮುರಿದು ಅವಳನ್ನು ಓದಿಗೆ ಕಳಿಸಿದರು. ನಿನ್ನ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಹೇಳಿ ಹೋದ ತಮ್ಮ ಭಾವನ ಮಣ್ಣಿಗೂ ಬಂದಿರಲಿಲ್ಲ.

"ಅವ್ನ ತಾವ ನಾನ್ ಮಾತಾಡ್ಬೌದಾ?" ಎಂದು ಕೇಳಿದರು.

ಲೈಸೆನ್ಸ್ ಇಲ್ಲದವರ ಕೈಗೆ ಮೈಕ್ ಕೊಡಬಾರದೆಂಬುದು ಸಾಮಾನ್ಯ ನಿಯಮ. ಜೀವದ ಪ್ರಶ್ನೆ ಬಂದಾಗ ನಾನು ಪಕ್ಕದಲ್ಲಿದ್ದು ಮಾತಾಡಿಸಬಹುದೆಂದು ತೀರ್ಮಾನಿಸಿದೆ. ಅವನನ್ನು ಸೆಟ್ಟಿನ ಹತ್ತಿರ ಕರೆಯಿರಿ ಎಂದು ಆಪರೇಟರಿಗೆ ಹೇಳಿದೆ. ಈ ಗುಂಡಿ ಒತ್ತಿ ಮಾತಾಡಿ, ಮುಗಿದ ಮೇಲೆ ಓವರ್ ಎಂದು ಬಿಟ್ಟುಬಿಡಿ, ಬಿಡದಿದ್ದರೆ ಅವರ ಮಾತು ಕೇಳುವುದಿಲ್ಲ ಎಂದು ಓನರಮ್ಮನಿಗೆ ತೋರಿಸಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು ಮೈಕ್ ಹಿಡಿದರು.

"ಲೇ, ನಾನ್ ಕಣ್ಲಾ, ನಿಮ್ಮಕ್ಕ. ಎದ್ದು ದೋಣಿ ಅತ್ತು." ಗುಂಡಿ ಬಿಡಲು ಮರೆತರು. ನಾನು ಅವರ ಬೆರಳು ಎತ್ತಿದೆ.

ಕರಕರ ಸದ್ದು. ಆಮೇಲೆ ಒಂದು ಗಂಡು ದನಿ ಬಂತು, ದೂರದಿಂದ, ಒಣಗಿದ ಹಾಗೆ.

"ಯಾವ ಅಕ್ಕ?"

ಓನರಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಗುಂಡಿ ಒತ್ತಿದರು.

"ಅವ್ವ ಸತ್ತಾಗ ನಿನ್ನ ಸೊಂಟದ ಮ್ಯಾಲೆ ಒತ್ಕಂಡು ತಿರುಗುದ್ಲಲ್ಲ, ಆ ಅಕ್ಕ. ಓವರ್."

ಮಂಡ್ಯ, ಮದ್ದೂರು ಎರಡೂ ಕಡೆಯವರು ಕೇಳಿಸಿಕೊಳ್ಳುತ್ತಿದ್ದರು.

"ಅಸ ಬುಟ್ಟು ಎಂಗ್ ಬರ್ಲಿ?" ಎಂದಿತು ಆ ದನಿ.

"ಅಗ್ಗ ಬಿಚ್ಬುಡ್ಲಾ. ಅವಕ್ಕೆ ಈಜು ಬತ್ತದೆ. ನಿಂಗ್ ಬರಕಿಲ್ಲ."

"ಬಂದು ಎಲ್ಲಿರ್ಲಿ?"

"ನಮ್ಮನೆಗ್ ಬಾ."

"ನಿನ್ ಮನೆ ಒಸ್ಲು ತುಳಿಯಕಿಲ್ಲ ಅಂದಿವ್ನಿ."

"ಇತ್ಲು ಬಾಗ್ಲಲ್ಲಿ ಬಾ. ಅಲ್ಲಿ ಒಸ್ಲಿಲ್ಲ," ಎಂದರು ಓನರಮ್ಮ. ಓವರ್ ಎನ್ನಲಿಲ್ಲ. ಮೈಕನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

ಆಮೇಲೆ ಆಪರೇಟರು, "ಎದ್ದು ಹೋದ. ಹಸು ಕಟ್ಟಿರೋ ಕಡೆ ಹೋಗ್ತಾ ಇದ್ದಾನೆ. ದೋಣಿ ಬಂತು, ನಾನು ಬಿಚ್ಚಬೇಕು," ಎಂದು ಹೇಳಿ ನಿಲ್ಲಿಸಿದರು. ಅಲ್ಲಿಗೆ ಹೊಳೆಯ ಕಡೆಯ ಸುದ್ದಿ ನಿಂತುಹೋಯಿತು. ಅವನು ಹಗ್ಗ ಬಿಚ್ಚಲು ಹೋದನೋ, ಹಸುಗಳ ಜೊತೆ ಕೂರಲು ಹೋದನೋ ನಮಗೆ ತಿಳಿಯುವಂತಿರಲಿಲ್ಲ.

ಓನರಮ್ಮ ಕೆಳಗೆ ಹೋದರು. ಅಕ್ಕಿ ಆರಿಸುವ ಸದ್ದು ಕೇಳಿಸುತ್ತಿತ್ತು. ನಡುನಡುವೆ ಎದ್ದು ಮೆಟ್ಟಿಲ ತನಕ ಬಂದು ಮೇಲೆ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಹಿತ್ತಿಲ ಬಾಗಿಲನ್ನು ತೆಗೆದಿಟ್ಟಿದ್ದರು.

ಹೊತ್ತು ಮುಳುಗುವ ಮುಂಚೆ ಆಪರೇಟರು ಆಚೆ ದಡದಿಂದ ಮತ್ತೆ ಸಿಕ್ಕರು. ಎಲ್ಲರೂ ಬಂದಿದ್ದಾರೆ ಎಂದರು. ಅವನೂ. ದೋಣಿ ತಳ್ಳುವ ಹೊತ್ತಿಗೆ ಎದೆಮಟ್ಟ ನೀರಿನಲ್ಲಿ ನಡೆದು ಬಂದು ಹತ್ತಿದನಂತೆ. ಹಸುಗಳು ಸ್ವಲ್ಪ ದೂರ ದೋಣಿಯ ಹಿಂದೆಯೇ ಈಜಿದವಂತೆ. ಆಮೇಲೆ ಸೆಳವಿಗೆ ಸಿಕ್ಕಿ ಕಾಣಿಸಲಿಲ್ಲವಂತೆ. ನಾನು ಕೆಳಗಿಳಿದು ಇಷ್ಟನ್ನೂ ಹೇಳಿದೆ. ಅವರು "ಊಂ" ಎಂದರು. ಒಲೆಯ ಕಡೆ ತಿರುಗಿ, "ಅವೂ ಬಂದಿದ್ರೆ ಚೆನ್ನಾಗಿರ್ತಿತ್ತು," ಎಂದರು.

ತಮ್ಮ ಅಂದು ಬರಲಿಲ್ಲ. ಹಲಗೂರಿನ ಕಡೆ ತೆರೆದಿದ್ದ ಗಂಜಿ ಕೇಂದ್ರದಲ್ಲಿ ಊರಿನವರ ಜೊತೆ ಉಳಿದುಕೊಂಡ. ಮಾರನೆಯ ದಿನ ಓನರಮ್ಮ ತೋಟದ ಬಸ್ಸು ಬಿಟ್ಟು ಹಲಗೂರಿನ ಬಸ್ಸು ಹತ್ತಿದರು, ಕೈಯಲ್ಲಿ ಊಟದ ಕ್ಯಾರಿಯರು. ಸಂಜೆ ಖಾಲಿ ಕ್ಯಾರಿಯರು ತೊಳೆದುಕೊಂಡು ಬಂದರು. ನಿಮ್ಮ ತಮ್ಮ ಏನಂದರು ಎಂದು ಕೇಳಿದೆ.

"ಉಂಡ. ಸಾರ್ಗೆ ಉಪ್ಪು ಜಾಸ್ತಿ ಅಂದ."

ಅವರು ಹಾಗೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು. ನೀರಿಳಿದ ಮೇಲೆ ಒಂದು ಹಸು ಕೆಳಗಿನ ಊರೊಂದರಲ್ಲಿ ಸಿಕ್ಕಿತು. ತಮ್ಮನ ಮನೆ ಉಳಿದಿರಲಿಲ್ಲ. ಕೆಲವು ವಾರಗಳ ನಂತರ ಅವನು ಮಳವಳ್ಳಿಗೆ ಬಂದ. ಕುಳ್ಳಗೆ, ಅಕ್ಕನದೇ ಮುಖ. ಹಿತ್ತಿಲಿನಿಂದ ಬಂದು, ನನ್ನ ಆಂಟೆನಾ ಕೆಳಗೆ ತಲೆ ಬಗ್ಗಿಸಿ ದಾಟಿ (ಬಗ್ಗಿಸುವ ಅಗತ್ಯ ಅವನಿಗಿರಲಿಲ್ಲ), ಅಡುಗೆಮನೆಯ ಬಾಗಿಲಲ್ಲಿ ಕೂತ. ಆಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದ. ಅವರಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ರೇಡಿಯೋದಲ್ಲಿ ಆಡಿದಷ್ಟು ಮಾತನ್ನು ಎದುರೆದುರು ಆಡಿದ್ದನ್ನು ನಾನಂತೂ ಕೇಳಲಿಲ್ಲ. ಮದುವೆಯ ವಿಷಯ ಯಾರೂ ಎತ್ತಲಿಲ್ಲ. ಮಗಳು ಬಂದಾಗ ಮಾವನ ಬಿ.ಪಿ. ನೋಡಿ, ಉಪ್ಪು ಕಡಿಮೆ ಮಾಡು ಎಂದು ಗದರುತ್ತಿದ್ದಳು.

ಮದ್ದೂರಿನವರು, ಮಂಡ್ಯದವರು ಭಾನುವಾರಗಳಲ್ಲಿ ಓನರಮ್ಮನನ್ನು ವಿಚಾರಿಸತೊಡಗಿದರು. ನಾನು ತಿಳಿಸಿದರೆ, "ಚೆನ್ನಾಗವ್ಳೆ ಅಂತ ಯೋಳಿ," ಎನ್ನುತ್ತಿದ್ದರು. ಮೈಕ್ ಮುಟ್ಟಲಿಲ್ಲ.

ನನಗೆ ಮಂಡ್ಯಕ್ಕೆ ವರ್ಗವಾಯಿತು. ಆಂಟೆನಾ ಹಾಗೇ ಇರಲಿ, ಬೇರೆ ಯಾರಾದರೂ ಬಂದರೆ ಬೇಕಾಗುತ್ತದೆ ಎಂದು ಓನರಮ್ಮನೇ ಹೇಳಿದರು. ಯಾರೂ ಬರಲಿಲ್ಲ. ಒಂದು ವರ್ಷ ಕಳೆದು, ತೋಟದಿಂದ ಬಂದು ಬಸ್ಸಿಳಿದ ಓನರಮ್ಮ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತರಂತೆ, ಮತ್ತೆ ಏಳಲಿಲ್ಲ. ನಾನು ಹೋದಾಗ ಜಗಲಿಯ ಮೇಲೆ, ಮುಂಬಾಗಿಲ ಪಕ್ಕ, ತಮ್ಮ ಕೂತಿದ್ದ. ನನ್ನನ್ನು ನೋಡಿ ಸರಿದು ಜಾಗ ಬಿಟ್ಟ. ನಾನು ಪಕ್ಕದಲ್ಲಿ ಕೂತೆ...

ಮಗಳಿಗೆ ಮೈಸೂರು ಬಿಡಲಾಗಲಿಲ್ಲ, ಮನೆ ಮಾರಿದಳು. ಕೊಂಡವರು ತೆಂಗಿನ ಮರಗಳನ್ನು ಕಡಿಸಿ ಅಂಗಡಿ ಮಳಿಗೆಗಳನ್ನು ಕಟ್ಟಿಸಿದ್ದಾರೆ. ಮಳವಳ್ಳಿಯಲ್ಲಿ ಈಗ ನಮ್ಮ ಸ್ಟೇಷನ್ ಇಲ್ಲ. ಈ ಸಲ ಮಳೆಗಾಲಕ್ಕೆ ಮುಂಚೆ ಯಾರದಾದರೂ ಹಿತ್ತಿಲು ಸಿಕ್ಕೀತೇ ಎಂದು ನಾನೂ ಮದ್ದೂರಿನವರೂ ಹುಡುಕಿದೆವು. ಜನ ನಯವಾಗಿಯೇ ಬೇಡವೆಂದರು. ಇದರಿಂದ ನಮಗೇನು ಅನುಕೂಲ ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನನಗೆ ಹೇಳಲು ಒಂದು ಕಥೆಯಿತ್ತು; ಗೇಟಿನ ಹತ್ತಿರ ನಿಂತು ಹೇಳುವಂಥದ್ದಾಗಿರಲಿಲ್ಲ.

ಮಂಡ್ಯದ ನನ್ನ ತಾರಸಿಯ ಮೇಲೆ ಎರಡು ಕಬ್ಬಿಣದ ಕೊಳವೆ ನಿಲ್ಲಿಸಿ ಹೊಸ ತಂತಿ ಕಟ್ಟಿದ್ದೇನೆ. ಕಳೆದ ಭಾನುವಾರ ಬ್ಲಫ್ ಆಪರೇಟರು, ತಮ್ಮ ಮನೆಗೆ ಓನರಮ್ಮನ ತಮ್ಮ ಬಂದಿದ್ದಾನೆ ಎಂದರು. ಹೊಳೆಯಿಂದ ದೂರ, ಬ್ಲಫ್‌ಗೆ ಹತ್ತಿರದಲ್ಲಿ ಅವನಿಗೀಗ ಹೊಸ ಮನೆಯಾಗಿದೆ. ಕೆಲವು ವಾರಗಳಿಂದ ಭಾನುವಾರ ಬಂದು ಸೆಟ್ಟಿನ ಪಕ್ಕ ಕೂರುತ್ತಾನಂತೆ. ಎಲ್ಲ ಸ್ಟೇಷನ್‌ಗಳ ಮಾತು ಮುಗಿಯುವವರೆಗೂ ಇದ್ದು ಎದ್ದು ಹೋಗುತ್ತಾನಂತೆ.

"ಇವತ್ತು ನಾನೇ ಕೇಳಿದೆ, ಏನಾದ್ರೂ ಮಾತಾಡ್ತೀಯೇನಪ್ಪ ಅಂತ," ಎಂದರು ಆಪರೇಟರು. "ಯಾರ್ ತಾವ ಅಂದ. ಓವರ್."

ನಾನು ಗುಂಡಿ ಒತ್ತಿದೆ. ಎಂದಿನಂತೆ ಮದ್ದೂರನ್ನು ಕರೆದು, ಕೇಳಿಸುತ್ತಿದೆಯೇ ಎಂದೆ.